ಬಟನ್ ಒತ್ತುವವರೆಗೆ

ಎಫಿ ಕಂಪ್ಯೂಟರಿನ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಮೂಗಿನ ಹತ್ತಿರ ತಂದು ಮೂಸಿದಳು.

"ಏನಮ್ಮಾ, ಮೀನು ಅಂದ್ಕೊಂಡ್ಯಾ?" ಎಂದ ಮಾರುವವನು. ದಿನಸಿ ಅಂಗಡಿಯ ಪಾರ್ಕಿಂಗಿನಲ್ಲಿ ಕಾರಿನ ಡಿಕ್ಕಿ ತೆರೆದುಕೊಂಡು, ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ನಿಂತಿದ್ದ. ಪಕ್ಕದ ಊರು ನ್ಯೂ ವಾಟರ್‌ಫರ್ಡಿನವನು.

"ಸುಟ್ಟ ವಾಸನೆ ಇದ್ಯಾ ನೋಡ್ತಿದೀನಿ."

"ಸಿಗರೇಟ್ ವಾಸನೆ ಬರ್ಬೋದು. ಅದು ನಮ್ಮಮ್ಮಂದು, ಕಾರ್ಡಿಂದಲ್ಲ."

ಎಫಿ ಫ್ಯಾನುಗಳನ್ನು ಬೆರಳಿನಿಂದ ತಿರುಗಿಸಿದಳು. ಸ್ಕ್ರೂಗಳ ತಲೆ ಸವೆದಿದೆಯೇ, ಯಾರಾದರೂ ಬಿಚ್ಚಿದ್ದಾರೆಯೇ ಎಂದು ಬೆಳಕಿಗೆ ಹಿಡಿದಳು. ಹಿಂದೆ ಟ್ರಕ್ಕಿನ ಕಿಟಕಿ ಇಳಿಯಿತು.

"ಬೇಗ ಮಾರಪ್ಪಾ!" ಎಂದು ಅವಳ ಅಪ್ಪ ಆಂಗಸ್ ಕೂಗಿದ. "ಇಲ್ದಿದ್ರೆ ಮೂಸಿ ಮೂಸಿ ಅರ್ಧ ತಿಂದ್ಬಿಡ್ತಾಳೆ."

ಮಾರುವವನು ನಕ್ಕ. ಎಫಿ ನಗಲಿಲ್ಲ. ಕಾರ್ಡಿನ ಅಂಚಿನ ಚಿನ್ನದ ಬಣ್ಣದ ಹಲ್ಲುಗಳಲ್ಲಿ ಒಂದು ಗೀರಿತ್ತು. ಅದನ್ನೇ ಹಿಡಿದುಕೊಂಡು ಬೆಲೆಯಲ್ಲಿ ಇಪ್ಪತ್ತು ಡಾಲರ್ ಇಳಿಸಿದಳು.

ಟ್ರಕ್ಕಿನಲ್ಲಿ ಕೂತು, ಕಾರ್ಡನ್ನು ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿಟ್ಟುಕೊಂಡು ಕೇಳಿದಳು. "ಪರ್ವಾಗಿಲ್ವಾ ಅಪ್ಪಾ ಇದು?"

"ನಂಗೇನು ಗೊತ್ತು?"

ಅವರ ಕಡಲಂಚಿನ ಊರು ಗ್ಲೇಸ್ ಬೇಯಲ್ಲಿ ಯಾರ ಮನೆಯ ಕಂಪ್ಯೂಟರ್ ಸತ್ತರೂ ಜನ ಮೊದಲು ಬರುತ್ತಿದ್ದುದು ಆಂಗಸ್ ಗಿಲ್ಲಿಸನ ಹತ್ತಿರ. ಚರ್ಚಿನ ಕಂಪ್ಯೂಟರನ್ನೂ ಮೀನು ಕಾರ್ಖಾನೆಯ ಕಂಪ್ಯೂಟರನ್ನೂ ಎಬ್ಬಿಸಿ ಕೂರಿಸಿದವನು ಅವನೇ. ಆದರೆ ಅವನ ಮನೆಯಲ್ಲಿ ಒಂದು ನಿಯಮವಿತ್ತು. ಮಕ್ಕಳು ತಮ್ಮ ಮೊದಲ ಕಂಪ್ಯೂಟರನ್ನು ತಾವೇ ದುಡಿದ ಹಣದಲ್ಲಿ ಕಟ್ಟಬೇಕು, ಒಂದೊಂದು ಭಾಗವನ್ನೂ ತಾವೇ ಆಯ್ದುಕೊಳ್ಳಬೇಕು. ಅಪ್ಪ ಜೊತೆಗಿರುತ್ತಾನೆ, ಟ್ರಕ್ಕಿನಲ್ಲಿ ಕರೆದೊಯ್ಯುತ್ತಾನೆ, ಬೇಕಾದಷ್ಟು ಗೇಲಿ ಮಾಡುತ್ತಾನೆ. ಸರಿ ಎಂದಾಗಲಿ ತಪ್ಪು ಎಂದಾಗಲಿ ಹೇಳುವುದಿಲ್ಲ. ಬಟನ್ ಒತ್ತುವವರೆಗೆ ಅವನ ಬಾಯಿಗೆ ಬೀಗ.

ಎಫಿಯ ಅಣ್ಣ ರೋರಿ ತನ್ನ ಸರದಿಯಲ್ಲಿ ಮದರ್‌ಬೋರ್ಡಿನ ಕೆಳಗೆ ಹಾಕಬೇಕಾದ ಪುಟ್ಟ ಹಿತ್ತಾಳೆ ಕಾಲುಗಳನ್ನು ಮರೆತು, ಬೋರ್ಡನ್ನು ನೇರ ಕೇಸಿನ ತಗಡಿನ ಮೇಲೆ ಬಿಗಿದಿದ್ದ. ಆಂಗಸ್ ಪಕ್ಕದಲ್ಲೇ ಕೂತು ಓಟ್‌ಕೇಕ್ ತಿನ್ನುತ್ತಿದ್ದ. ಬಟನ್ ಒತ್ತಿದಾಗ ಫಟ್ ಎಂದು ಬೋರ್ಡು ಸುಟ್ಟಿತು. ಒಂದಿಡೀ ಬೇಸಿಗೆ ಏಡಿ ದೋಣಿಯಲ್ಲಿ ದುಡಿದ ಹಣ ಅದು. ಆಂಗಸ್ ಎದ್ದು ಚಪ್ಪಾಳೆ ತಟ್ಟಿ, "ಇನ್ನು ಜನ್ಮದಲ್ಲಿ ಮರೆಯಲ್ಲ ನೀನು" ಎಂದಿದ್ದ. ಪ್ರತಿ ಕ್ರಿಸ್‌ಮಸ್‌ಗೂ ಈ ಕಥೆ ಊಟದ ಮೇಜಿಗೆ ಬರುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ರೋರಿಯೇ.

ಎಫಿಗೆ ಕಂಪ್ಯೂಟರ್ ಬೇಕಾಗಿದ್ದುದು ತನಗಾಗಿ ಅಲ್ಲ. ಅವಳ ಅಮ್ಮ ಮೊರ್ಯಾಗ್ ಹೋದ ವರ್ಷದ ಪಾರ್ಶ್ವವಾಯುವಿನ ಬಳಿಕ ಊರಾಚೆಯ ಆರೈಕೆ ಮನೆಯಲ್ಲಿದ್ದಳು. ಮಾತು ಹೋಗಿತ್ತು, ಬಲಗೈ ಹೋಗಿತ್ತು. ಉಳಿದದ್ದು ಎಡಗೈ ಮತ್ತು ಅವಳ ಬೀದಿ. ಇಟ್ಟಿಗೆ ಇಟ್ಟಿಗೆಯಾಗಿ ಲೋಕ ಕಟ್ಟುವ ಆಟವೊಂದರಲ್ಲಿ ತಾಯಿ ಮಗಳು ವರ್ಷಗಟ್ಟಲೆ ಕೂತು ಕಟ್ಟಿದ ಬೀದಿ ಅದು: ಮೊರ್ಯಾಗ್ ಚಿಕ್ಕವಳಿದ್ದಾಗಿನ ಗಣಿ ಕಂಪನಿಯ ಮನೆಗಳು, ಬಟ್ಟೆ ಒಣಗುವ ಹಗ್ಗಗಳು, ಅವಳಮ್ಮನ ಅಡುಗೆಮನೆ, ಕೊನೆಯಲ್ಲಿ ಕಡಲಿಗೆ ಚಾಚಿದ ಮರದ ಕಟ್ಟೆ. ಗುರುತಿಲ್ಲದವರು ಬಂದು ತುಳಿಯುವುದು ಬೇಡವೆಂದು ಮೊರ್ಯಾಗ್ ಅದನ್ನು ಇಂಟರ್ನೆಟ್ಟಿಗೆ ಬಿಟ್ಟಿರಲಿಲ್ಲ. ಅವಳ ಹಳೆಯ ಕಂಪ್ಯೂಟರಿನ ಒಂದು ಡ್ರೈವಿನಲ್ಲಿ ಮಾತ್ರ ಇತ್ತು. ಬೇರೆ ಡ್ರೈವುಗಳೊಡನೆ ಬೆರೆಯದಿರಲೆಂದು ಅದರ ಮೂಲೆಗೆ ಉಗುರಿನ ಕೆಂಪು ಬಣ್ಣ ಬಳಿದಿದ್ದಳು.

ಆರೈಕೆ ಮನೆಯಲ್ಲಿ ಆ ಕಂಪ್ಯೂಟರ್ ಹಾಕಿಕೊಟ್ಟರೆ ಅವಳು ಎಡಗೈಯಲ್ಲಿ ಮೌಸ್ ಹಿಡಿದು ಬೀದಿಯುದ್ದಕ್ಕೂ ನಡೆದು ಕಟ್ಟೆಯ ತುದಿಗೆ ಹೋಗಿ ನಿಲ್ಲುತ್ತಿದ್ದಳು. ಆಗ ಬಾಯಿಯ ಒಂದು ಪಕ್ಕ ಮೇಲೇಳುತ್ತಿತ್ತು. ನರ್ಸುಗಳು ಅದನ್ನು ನಗು ಎನ್ನುತ್ತಿದ್ದರು. ಆಂಗಸ್ ಭಾನುವಾರ ಭಾನುವಾರ ಹೂ ಹಿಡಿದು ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಅವಳ ಕಣ್ಣು ಅವನ ಕಡೆ ತಿರುಗುತ್ತಿರಲಿಲ್ಲ.

ಆ ಕಂಪ್ಯೂಟರಿನ ಮದರ್‌ಬೋರ್ಡ್ ಸತ್ತ ಮೇಲೆ ಮೊರ್ಯಾಗ್ ಹೊದಿಕೆಯ ಮೇಲೆ ಎಡಗೈಯನ್ನು ಅತ್ತಿತ್ತ ಸರಿಸುತ್ತ, ಬೆರಳು ಒತ್ತುತ್ತ ಮಲಗಿದ್ದಳು. ಬೀದಿ ಎಷ್ಟು ದೊಡ್ಡದಾಗಿತ್ತೆಂದರೆ ಆಫೀಸು ಕೆಲಸದ ಸಾದಾ ಕಂಪ್ಯೂಟರಿನಲ್ಲಿ ಅದು ತೆರೆಯುತ್ತಲೇ ಇರಲಿಲ್ಲ. ಆಟಕ್ಕೆಂದೇ ಕಟ್ಟಿದ್ದು ಬೇಕು. ಎಫಿ ಮೊದಲು ಕೇಳಿದ್ದು ಅಪ್ಪನನ್ನೇ.

"ನಿನ್ ಮೆಷಿನ್ ಕೊಡು ಅಪ್ಪಾ. ಅಮ್ಮನ ರೂಮಲ್ಲಿಡ್ತೀನಿ."

"ನನ್ ಮೆಷಿನ್ ಮನೆ ಬಿಟ್ಟು ಹೋಗಲ್ಲ."

"ಒಂದು ಖಾಲಿ ಡ್ರೈವ್ ಆದ್ರೂ ಕೊಡು. ಬೀದೀನ ಕಾಪಿ ಮಾಡಿಟ್ಕೋತೀನಿ."

ಅವನ ಕಪಾಟಿನಲ್ಲಿ ಅಂಥವು ಒಂದು ಶೂ ಡಬ್ಬದ ತುಂಬ ಇದ್ದವು. "ಮೊದ್ಲು ನಿಂದು ಕಟ್ಟು. ಆಮೇಲೆ ನೀನೇ ಕೊಂಡ್ಕೊಂಡು ಕಾಪಿ ಮಾಡ್ಕೋ. ನಿಯಮ ಅಂದ್ರೆ ನಿಯಮ."

ಆದ್ದರಿಂದ ಎಫಿ ಕಾಫಿ ಅಂಗಡಿಯಲ್ಲಿ ಕಾರಿನವರಿಗೆ ಕಾಫಿ ಕೊಡುವ ಕಿಟಕಿಯಲ್ಲಿ ದುಡಿದ ಹಣವನ್ನು ಹಿಡಿದು ಆಯ್ಕೆಗೆ ಕೂತಳು. ಪ್ರೊಸೆಸರ್ ಹೊಸದು ಬೇಡ, ಹಿಂದಿನ ತಲೆಮಾರಿನದು ಸಾಕು; ಬೀದಿಗೆ ಅಷ್ಟೇ ಬೇಕು. ಮೆಮೊರಿ ಎರಡು ಪಟ್ಟಿ, ಒಂದಲ್ಲ. ಕೇಸಿಗೆ ಗಾಜು ಬೇಡ, ಬಣ್ಣದ ದೀಪ ಬೇಡ. ಅಮ್ಮನ ಕೋಣೆಯಲ್ಲಿ ರಾತ್ರಿ ಮಿನುಗುವುದು ಯಾರಿಗೆ ಬೇಕು? ಗ್ರಾಫಿಕ್ಸ್ ಕಾರ್ಡ್ ಹಳೆಯದಾದರೂ ಚಿಂತೆಯಿಲ್ಲ. ಎಲ್ಲಕ್ಕೂ ಕರೆಂಟು ಹಂಚುವ ಪವರ್ ಸಪ್ಲೈಯಲ್ಲಿ ಮಾತ್ರ ಜಿಪುಣತನ ಕೂಡದು, ಅದು ಹಾಳಾದರೆ ಉಳಿದವನ್ನೂ ಜೊತೆಗೆ ಕರೆದೊಯ್ಯುತ್ತದೆ. ಅಮ್ಮನ ಹಳೆಯ ಕಂಪ್ಯೂಟರಿನ ಸಪ್ಲೈಗೆ ಈ ಕಾರ್ಡನ್ನು ತಡೆಯುವ ತಾಕತ್ತಿರಲಿಲ್ಲ. ಒಳ್ಳೆಯ ಕಂಪನಿಯದು ಬೇಕೆಂದು, ಯಾರೋ ಕೊಂಡು ಪೆಟ್ಟಿಗೆ ಒಡೆದು ವಾಪಸ್ ಕೊಟ್ಟಿದ್ದ ಹೊಸದೊಂದನ್ನು ಅರ್ಧ ಬೆಲೆಗೆ ತಂದಳು.

"ಕುದುರೆ ಬಡಕಲು, ಜೀನು ಬೆಳ್ಳೀದು," ಎಂದ ಆಂಗಸ್.

"ಸಪ್ಲೈಯಲ್ಲಿ ಉಳಿಸ್ಬೇಡ ಅಂತ ಊರಿಗೆಲ್ಲ ಹೇಳೋನು ನೀನೇ ಅಲ್ವಾ?"

"ಊರಿಗೆ ಹೇಳ್ತೀನಿ. ನಿಂಗೆ ಹೇಳಿಲ್ಲ."

ಶನಿವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಜೋಡಣೆ ನಡೆಯಿತು. ದೂರದ ಆಲ್ಬರ್ಟಾದ ಎಣ್ಣೆ ಬಾವಿಗಳ ಕೆಲಸದಿಂದ ವಾರದ ರಜೆಗೆ ಬಂದಿದ್ದ ರೋರಿ ಇನ್ನೂ ಮಲಗಿದ್ದ. ಆಂಗಸ್ ಬೊಲೋನಿ ಮಾಂಸದ ಹೋಳು ಹುರಿದುಕೊಂಡು ತಟ್ಟೆಯೊಂದಿಗೆ ಎದುರಿಗೆ ಕೂತ. ಎಫಿ ಹಿತ್ತಾಳೆ ಕಾಲುಗಳನ್ನು ಒಂದೊಂದಾಗಿ ತಿರುಪಿ, ಪ್ರತಿಯೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದಳು.

"ರೋರಿ ಬುದ್ಧಿ ಕಲಿಸ್ದ ನೋಡು," ಎಂದ ಆಂಗಸ್. "ಮನೆಗೊಬ್ಬ ಪೆದ್ದ ಇರ್ಬೇಕು."

ಪ್ರೊಸೆಸರ್ ಕೂತಿತು. ಅದರ ಮೇಲೆ ಶಾಖ ಸಾಗಿಸುವ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಚ್ಚಿದಳು. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆಯನ್ನು ಮರೆಯದೆ ಕಿತ್ತಳು. ಕಾರ್ಡು ಸದ್ದು ಮಾಡಿ ಸೇರಿಕೊಂಡಿತು. ಆಂಗಸನ ಗೇಲಿ ಕಡಿಮೆಯಾಗುತ್ತಾ ಬಂತು. ಗೇಲಿಗೆ ಏನೂ ಸಿಗುತ್ತಿರಲಿಲ್ಲ.

ಕೊನೆಗೆ ಅಮ್ಮನ ಡ್ರೈವ್. ಪವರ್ ಸಪ್ಲೈಯ ಕೇಬಲ್ ಚೀಲವನ್ನು ಮಗುಚಿ ಹುಡುಕಿದಳು. ಡ್ರೈವಿಗೆ ಕರೆಂಟು ಕೊಡುವ ಕೇಬಲ್ ಮಾತ್ರ ಇರಲಿಲ್ಲ. ವಾಪಸ್ ಕೊಟ್ಟವನು ಅದನ್ನು ಉಳಿಸಿಕೊಂಡಿದ್ದ. ಎಫಿ ಚೀಲವನ್ನು ಇನ್ನೊಮ್ಮೆ ಕೊಡವಿದಳು. ಆಮೇಲೆ ಎದ್ದು ಅಮ್ಮನ ಹಳೆಯ ಕಂಪ್ಯೂಟರಿನಿಂದ ಅಂಥದೇ ಕೇಬಲ್ ಎಳೆದು ತಂದಳು. ಅದೂ ಅದೇ ಕಂಪನಿಯದು, ಅದೇ ಕಪ್ಪು ಬಣ್ಣ. ಹೊಸ ಸಪ್ಲೈಯ ತೂತಿಗೆ ಅದರ ತುದಿಯನ್ನು ಒತ್ತಿದಳು. ಟಕ್ ಎಂದು ಹಿಡಿದುಕೊಂಡಿತು.

ಆಂಗಸನ ಫೋರ್ಕು ತಟ್ಟೆಯ ಮೇಲೆ ನಿಂತಿತು.

ಎಫಿ ತಲೆಯೆತ್ತಿದಳು. "ಅಪ್ಪಾ, ಇದು ನಡಿಯುತ್ತಾ?"

"ಕೂತ್ಕೊಂಡ್ತಲ್ಲ?"

"ಕೂತ್ಕೊಂಡ್ತು. ಅದಕ್ಕೇ ಕೇಳ್ತಿದೀನಿ. ಅಮ್ಮನ ಡ್ರೈವ್ ಇದು. ಇದೊಂದಕ್ಕೆ ಹೇಳ್ಬಿಡು, ಬೇರೇದಕ್ಕೆಲ್ಲ ಬೇಡ."

ಆಂಗಸ್ ಬೊಲೋನಿಯ ಸುಟ್ಟ ಅಂಚನ್ನು ಕತ್ತರಿಸಿ ಬಾಯಿಗಿಟ್ಟುಕೊಂಡ. ಅಗಿದ. "ಬಟನ್ ಒತ್ತೋವರೆಗೆ ನಾನು ಮೂಗ," ಎಂದ. "ನಿಮ್ಮಮ್ಮನ ಥರ."

ಎಫಿಯ ಕಿವಿ ಕೆಂಪಾಯಿತು. ಕೇಬಲಿನ ಇನ್ನೊಂದು ತುದಿಯನ್ನು ಡ್ರೈವಿಗೆ ಸಿಕ್ಕಿಸಿ, ಮಾನಿಟರ್ ತರಲು ಮಹಡಿಗೆ ಹೋದಳು.

ಅಷ್ಟರಲ್ಲಿ ರೋರಿ ಬನಿಯನ್ನಿನಲ್ಲೇ ಕೆಳಗಿಳಿದು ಬಂದು, ಕೇಸಿನೊಳಗೆ ಬಗ್ಗಿ ನೋಡಿದ. ನೋಡಿದವನೇ ಅಪ್ಪನ ತೋಳು ಹಿಡಿದು ಹಿಂದಿನ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡ.

"ಅಪ್ಪಾ, ಹಳೇ ಸಪ್ಲೈ ಕೇಬಲ್ ಹಾಕಿದಾಳೆ. ಒಳಗಿನ ತಂತಿ ಜಾಗ ಬೇರೆ ಇರುತ್ತಲ್ವಾ? ಡ್ರೈವ್ ಸುಟ್ಟುಹೋಗುತ್ತೆ."

"ಹೌದಾ?"

"ನಿಂಗೆ ಗೊತ್ತು!"

"ನಿನ್ ಸರದೀಲಿ ಯಾರಾದ್ರೂ ಹೇಳಿದ್ರಾ ನಿಂಗೆ?"

ರೋರಿ ಸಿಗರೇಟ್ ಹಚ್ಚಿದ. ಗಾಳಿಗೆ ಅದು ಹೊತ್ತಿಕೊಳ್ಳಲಿಲ್ಲ, ಮತ್ತೆ ಹಚ್ಚಿದ. ಏಡಿ ದೋಣಿಯ ಆ ಬೇಸಿಗೆ ಅವನ ಮುಖದ ಮೇಲೆ ಹಾದುಹೋಯಿತು. ಅದರಲ್ಲಿ ಒಂದು ಸಣ್ಣ ಖುಷಿಯೂ ಇತ್ತು.

"ಅಮ್ಮನ ಬೀದಿ ಅದ್ರಲ್ಲೇ ಇರೋದು. ಕಾಪಿ ಮಾಡಿಟ್ಟಿದಾಳೆ ತಾನೆ?"

"ಅಷ್ಟು ಪೆದ್ದೀನಾ ಅವಳು?" ಎಂದ ಆಂಗಸ್.

ರೋರಿಗೆ ಅಷ್ಟು ಸಾಕಾಯಿತು. ಹೊಗೆ ಬಿಡುತ್ತ ಕೇಳಿದ, "ಆ ಬೀದೀಲಿ ನಿನ್ ಮನೆ ಇದ್ಯಾ ಅಪ್ಪಾ? ನಾನು ನೋಡೇ ಇಲ್ಲ."

"ನಿಮ್ಮಮ್ಮನ್ನ ಒಂದ್ಸಲ ಕೇಳ್ದೆ. ನಿಂಗೆ ಯಾಕೆ ಮನೆ, ಕೆಳಗಡೆ ಗಣಿ ಇದ್ಯಲ್ಲ ಅಂದ್ಳು. ತಾಯಿ ಮಗಳು ಇಬ್ರೂ ಬಿದ್ದು ಬಿದ್ದು ನಕ್ರು."

"ತಮಾಷೆಗೆ ಅಂದಿರ್ತಾಳೆ."

"ಹೌದು. ನಾನೂ ನಕ್ಕೆ."

ಒಳಗೆ ಎಫಿ ಮಾನಿಟರ್ ಸಿಕ್ಕಿಸಿದ್ದಳು. ಗ್ರಾಫಿಕ್ಸ್ ಕಾರ್ಡಿಗೇ, ಬೋರ್ಡಿಗಲ್ಲ. ಅದನ್ನೂ ಎರಡು ಸಲ ನೋಡಿಕೊಂಡಿದ್ದಳು. ಇಬ್ಬರೂ ಬಂದು ಮೇಜಿನ ಆಚೆ ನಿಂತರು. ರೋರಿ ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದ. ಅದು ಹಾರೈಕೆಯೆಂದು ತಿಳಿದು ಎಫಿಯೂ ನಕ್ಕಳು.

"ನಾಳೆ ಅಮ್ಮ ಕಟ್ಟೆ ಮೇಲೆ ಹೋಗಿ ನಿಂತ್ಕೋತಾಳೆ, ನೋಡ್ತಾ ಇರಿ," ಎಂದು ಬಟನ್ ಒತ್ತಿದಳು.

ಫ್ಯಾನುಗಳು ತಿರುಗಿದವು. ಎಲ್ಲೋ ಸಣ್ಣಗೆ ಚಟ್ ಎಂದಿತು. ಪರದೆ ಬೆಳಗಿತು. ಪ್ರೊಸೆಸರಿನ ಹೆಸರು ಬಂತು, ಮೆಮೊರಿ ಬಂತು, ಕಾರ್ಡು ಬಂತು. ಅವಳು ಆಯ್ದದ್ದೆಲ್ಲ ಸರಿಯಾಗಿತ್ತು. ಡ್ರೈವ್ ಎಂದು ಬರೆದಿದ್ದ ಕಡೆ ಖಾಲಿ.

ಎಫಿ ಬಗ್ಗಿ ಮೂಸಿದಳು. ಈ ಸಲ ವಾಸನೆ ಇತ್ತು. ಪ್ಲಗ್ ಕಿತ್ತು, ಡ್ರೈವನ್ನು ಹೊರಗೆಳೆದಳು. ಅದು ಬಿಸಿಯಾಗಿತ್ತು. ಉಗುರುಬಣ್ಣದ ಕೆಂಪು ಚುಕ್ಕೆಯ ಪಕ್ಕದಲ್ಲಿ ಒಂದು ಕಂದು ಕಲೆ ಎದ್ದಿತ್ತು.

ಆಂಗಸ್ ಚಪ್ಪಾಳೆ ತಟ್ಟಿದ. ಪದ್ಧತಿಯಂತೆ. "ಇನ್ನು ಜನ್ಮದಲ್ಲಿ ಮರೆಯಲ್ಲ ನೀನು."

ರೋರಿ ಜೋರಾಗಿ ನಕ್ಕುಬಿಟ್ಟ. "ಕೇಬಲ್ ಕಣೇ! ಸಪ್ಲೈ ಸಪ್ಲೈಗೂ ಕೇಬಲ್ ಬೇರೆ ಇರುತ್ತೆ. ತೂತು ಒಂದೇ ಥರ, ಒಳಗೆ ತಂತಿ ಬೇರೆ. ಬಿಡೆ, ಕಾಪಿಯಿಂದ ಹಾಕ್ಕೊಂಡ್ರಾಯ್ತು."

"ಯಾವ ಕಾಪಿ?"

ರೋರಿಯ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿಯಿತು. ಅಪ್ಪನ ಕಡೆ ತಿರುಗಿದ. "ಇದೆ ಅಂದ್ಯಲ್ಲ ನೀನು."

"ನಾನು ಇದೆ ಅನ್ಲಿಲ್ಲ," ಎಂದ ಆಂಗಸ್.

"ನಿಂಗೂ ಗೊತ್ತಿತ್ತಾ ರೋರಿ?" ಎಂದಳು ಎಫಿ. ಅವನು ಮಹಡಿ ಹತ್ತಿ ಹೋದ. ಮೇಲೆ ಬಾಗಿಲು ಹಾಕಿಕೊಂಡ ಸದ್ದಾಯಿತು.

ಎಫಿ ಡ್ರೈವನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. "ಇದನ್ನ ಸರಿ ಮಾಡೋಕಾಗುತ್ತಾ?"

ಆಂಗಸ್ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ಈಗ ಬಟನ್ ಒತ್ತಿಯಾಗಿತ್ತು, ಅವನ ಬಾಯಿಯ ಬೀಗ ತೆಗೆದಿತ್ತು. ಎಲ್ಲವನ್ನೂ ವಿವರವಾಗಿ ಹೇಳಿದ: ಯಾವ ತಂತಿಯಲ್ಲಿ ಎಷ್ಟು ವೋಲ್ಟ್ ಬರಬೇಕಿತ್ತು, ಎಷ್ಟು ಬಂತು, ಮೊದಲು ಯಾವ ಚಿಪ್ ಸುಟ್ಟಿರುತ್ತದೆ, ಆಮೇಲೆ ಯಾವುದು. ಚೆನ್ನಾಗಿ ಹೇಳಿದ. ಊರಿನವರಿಗೂ ಇಷ್ಟು ತಾಳ್ಮೆಯಿಂದ ಎಂದೂ ಹೇಳಿರಲಿಲ್ಲ.

"ಇಲ್ಲ," ಎಂದ ಕೊನೆಗೆ. "ಇದು ಹೋಯ್ತು."

ಎಫಿ ಅಳಲಿಲ್ಲ. ಅವಳ ಎಡಗೈ ಮೇಜಿನ ಮೇಲೆ ಅತ್ತಿತ್ತ ಸರಿಯುತ್ತಿತ್ತು. ಆಂಗಸ್ ಅದನ್ನು ನೋಡಿದ. ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

"ನೋಡು ಮರಿ. ನನ್ ಮೆಷಿನ್ ತಗೊಂಡ್ಹೋಗು. ನಾಳೇನೇ ಅಮ್ಮನ ರೂಮಲ್ಲಿಡೋಣ. ನಿಂದಕ್ಕಿಂತ ಹತ್ತು ಪಾಲು ಚೆನ್ನಾಗಿದೆ."

ಅವಳು ಕಪ್ಪು ಕೇಬಲನ್ನು ಸಪ್ಲೈಯಿಂದ ಕಿತ್ತು ಪಕ್ಕಕ್ಕಿಟ್ಟಳು.

"ಬೀದೀನ ಮತ್ತೆ ಕಟ್ಟೋಣ. ಈ ಸಲ ನಾನೂ ಕೂತ್ಕೋತೀನಿ. ಆ ಮನೆಗಳು ಹೇಗಿದ್ವು ಅಂತ ನಂಗೂ ಗೊತ್ತು. ನಾನೂ ಅಲ್ಲೇ ಬೆಳ್ದಿದ್ದು." ಅವನ ದನಿ ತಗ್ಗಿತು, ಅದರಲ್ಲಿ ಬೇಡುವವನ ಮೆದುತನ ಬಂದಿತ್ತು. "ಮೂರೂ ಜನ ಸೇರಿ ಕಟ್ಟೋಣ. ನಮ್ಮಿಬ್ರ ಕೈ, ಅವಳ ಕಣ್ಣು. ಏನಂತೀಯಾ?"

ಎಫಿ ಅವನ ಕೈಯಿಂದ ಡ್ರೈವನ್ನು ವಾಪಸ್ ತೆಗೆದುಕೊಂಡಳು.

"ಬೇಡ," ಎಂದಳು.