ಇಲ್ಲ ಅನ್ನುವ ಅಭ್ಯಾಸ

ಬದುಕಿಡೀ ಬಸ್ಸಿನಲ್ಲಿ ಕೂಗಿಕೊಂಡಿದ್ದ ಕಂಡಕ್ಟರು ನಿವೃತ್ತನಾಗಿ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂಬುದನ್ನು ನನ್ನನ್ನು ಕೇಳಬೇಕು. ನನ್ನ ಗಂಡನಿಗೆ ಡಿಪೋದಲ್ಲಿ ರೇಡಿಯೋ ಎಂದೇ ಹೆಸರು. ಟಿಕೆಟ್ ಹರಿಯುವುದು ನಿಂತ ಮೇಲೆ ಅವರಿಗೆ ಮಾತಾಡಲು ಒಂದು ವಿಷಯ ಬೇಕಿತ್ತು. ದೇವರು ದೊಡ್ಡವನು, ಹೃದಯದ ಕಾಯಿಲೆ ಕೊಟ್ಟ. ಎದೆಬಡಿತ ಆಗಾಗ ತಾಳ ತಪ್ಪುತ್ತಿತ್ತು. ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಅದನ್ನು ತೆಳುವಾಗಿಸುವ ಮಾತ್ರೆ, ಬೆಳಿಗ್ಗೆ ಒಂದು, ಸಂಜೆ ಒಂದು. ಇದನ್ನು ಅವರು ಹಾಲಿನವನಿಗೆ ಹೇಳಿದರು, ಕರೆಂಟ್ ಮೀಟರ್ ನೋಡಲು ಬಂದವನನ್ನು ಕೂರಿಸಿಕೊಂಡು ಹೇಳಿದರು, ರಾಂಗ್ ನಂಬರ್ ಎಂದು ಫೋನ್ ಇಡಲು ಹೊರಟವಳಿಗೂ ಬಿಡದೆ ಹೇಳಿದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮವರಿಗೆ ಎರಡೂ ತಿಳಿಯದು.

ನಿವೃತ್ತರಿಗೆಂದು ಸಂಸ್ಥೆ ಕೊಟ್ಟ ಆರೋಗ್ಯ ವಿಮೆ ಒಂದಿತ್ತು. ಅದು ಆಸ್ಪತ್ರೆಯ ಬಾಗಿಲ ತನಕ ಜೊತೆಗೆ ಬರುತ್ತದೆ, ಒಳಗೆ ಬರುವುದಿಲ್ಲ. ಅದರ ಮೇಲೆ ಇನ್ನೊಂದು ಟಾಪ್-ಅಪ್ ವಿಮೆ ಮಾಡಿಸಬೇಕೆಂದು ಮಕ್ಕಳಿಬ್ಬರೂ ಹಟ ಹಿಡಿದರು. ಮಗ ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಮಗಳು ಪ್ರೈಮರಿ ಶಾಲೆಯ ಟೀಚರು. ಒಂದು ಭಾನುವಾರ ಏಜೆಂಟನನ್ನು ಕರೆಸಿದರು.

ಏಜೆಂಟ್ ನಮ್ಮ ಸೋಫಾದ ಅಂಚಿನಲ್ಲಿ ಕೂತು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಹಾಗೆ ಮಾತಾಡಿದ.

"ಎರಡು ದಾರಿ ಇದೆ ಸರ್. ಕಾಯಿಲೆ ಇದೆ ಅಂತ ಹೇಳಿದ್ರೆ ಕಂತು ಒಂದೂವರೆ ಪಟ್ಟು ಆಗುತ್ತೆ. ಹೃದಯಕ್ಕೆ ಸಂಬಂಧಪಟ್ಟಿದ್ದಕ್ಕೆ ಮೊದಲನೇ ವರ್ಷ ಏನೂ ಸಿಗಲ್ಲ, ಆಮೇಲೆ ಎಲ್ಲಾ ಸಿಗುತ್ತೆ. ಕಾಯಿಲೆ ಇಲ್ಲದವರಿಗೆ ಕಂತು ಕಮ್ಮಿ, ಮುಂದಿನ ತಿಂಗಳಿಂದಲೇ ಎಲ್ಲಾ ಸಿಗುತ್ತೆ."

"ನಮ್ಮಪ್ಪನಿಗೆ ಕಾಯಿಲೆ ಇದೆಯಲ್ಲ" ಎಂದಳು ಮಗಳು.

"ನೀವು ಹೇಳಿದ್ದು ನನಗೆ ಕೇಳಿಸ್ಲಿಲ್ಲ ಮೇಡಂ" ಎಂದು ಏಜೆಂಟ್ ಹಲ್ಲು ಬಿಟ್ಟ. "ಈ ವಯಸ್ಸಿನವರಿಗೆ ಕಂಪನಿಯವರು ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳ್ತಾರೆ. ರೆಕಾರ್ಡ್ ಮಾಡ್ಕೋತಾರೆ. ಅಷ್ಟೇ."

ನಾನು ಅಡುಗೆಮನೆಯ ಬಾಗಿಲಿನಿಂದಲೇ ಹೇಳಿದೆ: "ಇರೋದನ್ನ ಇದೆ ಅಂತ ಹೇಳಿಬಿಡಿ. ಒಂದು ವರ್ಷ ತಾನೇ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಕಳೆಯುತ್ತೆ."

"ಆ ಒಂದು ವರ್ಷದಲ್ಲೇ ಏನಾದ್ರೂ ಆದ್ರೆ? ನಿನಗೆ ಇದೆಲ್ಲ ಗೊತ್ತಾಗಲ್ಲ ಅಮ್ಮ, ಸುಮ್ನಿರು" ಎಂದ ಮಗ. ನಮ್ಮ ಮನೆಯಲ್ಲಿ ಈ ಮಾತು ಬಂತೆಂದರೆ ತೀರ್ಪು ಆಯಿತೆಂದೇ ಅರ್ಥ.

ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತಿದ್ದ ಇವರು, "ನನ್ನ ಹೃದಯ ಕಣ್ರೋ, ನನ್ನನ್ನೂ ಒಂದು ಮಾತು ಕೇಳಿ" ಎಂದರು.

"ನಿಮ್ಮನ್ನ ಕೇಳೋದು ಕಂಪನಿಯವ್ರು ಅಪ್ಪ. ನಮಗೆ ಅದೇ ಭಯ" ಎಂದ ಮಗ.

ಮರುದಿನದಿಂದ ಅಭ್ಯಾಸ ಶುರುವಾಯಿತು. ಸಂಜೆ ಮಗಳು ಶಾಲೆಯಿಂದ ನೇರವಾಗಿ ಬಂದು, ಕುರ್ಚಿ ಎಳೆದುಕೊಂಡು ಇವರ ಎದುರಿಗೆ ಕೂರುವಳು. ಧ್ವನಿ ಬದಲಿಸಿ, "ನಮಸ್ಕಾರ ಸರ್, ನಿಮಗೆ ಹೃದಯದ ತೊಂದರೆ ಏನಾದರೂ ಇದೆಯೇ?" ಎಂದು ಕೇಳುವಳು. ಇವರು, "ಇದೆಯಮ್ಮ, ಆದ್ರೆ ಇಲ್ಲ ಅನ್ನಬೇಕಂತೆ" ಎನ್ನುವರು. ಮಗಳು ಅಡಿಪಟ್ಟಿಯಿಂದ ಮೇಜು ಕುಟ್ಟುವಳು. ದಿನಾ ಯಾವುದಾದರೂ ಮಾತ್ರೆ ತಗೊಳ್ತೀರಾ ಎಂದು ಕೇಳಿದರೆ ಇವರಿಗೆ ತಡೆಯಲು ಆಗುತ್ತಲೇ ಇರಲಿಲ್ಲ, ಮಾತ್ರೆಯ ಬಣ್ಣದಿಂದ ಹಿಡಿದು ಪುರಾಣ ಬಿಚ್ಚುವರು. ತಪ್ಪಿದರೆ ಕಾಫಿ ಇಲ್ಲ ಎಂದು ಮಗ ನಿಯಮ ಮಾಡಿದ. ಲೋಟ ಹಿಡಿದುಕೊಂಡು ನಾನು ಪಕ್ಕದಲ್ಲಿ ನಿಲ್ಲಬೇಕು, ಸರಿಯುತ್ತರ ಬಂದರೆ ಕೊಡಬೇಕು. ನಾಯಿಗೆ ಕೈ ಕೊಡುವುದನ್ನು ಕಲಿಸುವುದೂ ಹೀಗೆಯೇ. ನನಗೆ ನಗು ಬಂತು, ನಕ್ಕೆ. ಮದುವೆಯಾದಂದಿನಿಂದ ನನ್ನಿಂದ ಮುಚ್ಚಿಸಲಾಗದ ಬಾಯಿಯನ್ನು ಒಂದು ಕಂಪನಿ ಪುಕ್ಕಟೆ ಮುಚ್ಚಿಸುತ್ತಿತ್ತು.

ಕೊನೆಗೆ ಫೋನ್ ಬಂದ ದಿನ ಇವರು ಗೆದ್ದರು. ಹೃದಯದ ತೊಂದರೆ? ಇಲ್ಲ. ಬಿಪಿ? ಇಲ್ಲ. ದಿನನಿತ್ಯ ತೆಗೆದುಕೊಳ್ಳುವ ಮಾತ್ರೆ? ಇಲ್ಲ. ಪತ್ನಿ ಇದ್ದಾರೆಯೇ? ಇಲ್ಲ. ಮಗ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಫೋನಿನಲ್ಲಿದ್ದ ಹುಡುಗಿ ಇನ್ನೊಮ್ಮೆ ಕೇಳಿದ ಮೇಲೆ ಇವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದ್ದಾಳೆ" ಎಂದು ಒಪ್ಪಿಕೊಂಡರು.

ವಿಮೆ ಆಯಿತು. ಆದರೆ ಅಭ್ಯಾಸ ಅಲ್ಲಿಗೆ ನಿಲ್ಲಲಿಲ್ಲ. ದೊಡ್ಡ ಬಿಲ್ ಬಂದರೆ ಕಂಪನಿಯವರು ಬೀದಿಯಲ್ಲೆಲ್ಲ ವಿಚಾರಿಸುತ್ತಾರೆ, ಹುಷಾರು ಎಂದು ಏಜೆಂಟ್ ಕಿವಿಯೂದಿ ಹೋಗಿದ್ದ. ಇವರು ಹಳೇ ಡಾಕ್ಟರ ಹತ್ತಿರ ಹೋಗುವುದನ್ನು ಮಗ ನಿಲ್ಲಿಸಿದ. ಮಾತ್ರೆಯನ್ನು ಊರಾಚೆಯ ಅಂಗಡಿಯಿಂದ ತಾನೇ ತಂದು, ನನ್ನ ಸೀರೆಗಳ ಕೆಳಗೆ ಇಡಿಸಿದ. ಪಾರ್ಕಿನ ಬೆಂಚಿನಲ್ಲಿ ಜೊತೆಗೆ ಕೂರುವವರು, "ಏನು ಕಂಡಕ್ಟ್ರೇ, ಎದೆ ಹೆಂಗಿದೆ?" ಎಂದರೆ ಇವರು, "ಎದೆಗೇನಾಗಿದೆ? ಏನೂ ಇಲ್ಲ" ಎನ್ನಬೇಕು. ಹೇಳುವುದಕ್ಕೆ ಬೇರೆ ಏನೂ ಇಲ್ಲದ ಮನುಷ್ಯ. ಮೊದಲು ಆ ಮಾತು ಹೋಯಿತು, ಆಮೇಲೆ ಪಾರ್ಕು, ಆಮೇಲೆ ಉಳಿದ ಮಾತುಗಳೂ ಒಂದೊಂದಾಗಿ ಹೋದವು. ಕಿಟಕಿಯ ಪಕ್ಕ ಕೂತು ದಾರಿಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ಮನೆ ತಣ್ಣಗಾಯಿತೆಂದು ನಾನು ಕೆಲವು ದಿನ ಖುಷಿಪಟ್ಟೆ. ಆಮೇಲೆ ಆ ಮೌನ ನನ್ನನ್ನೇ ತಿನ್ನತೊಡಗಿತು. ಒಂದು ಮಧ್ಯಾಹ್ನ ನಾನೇ ಪಕ್ಕದಲ್ಲಿ ಕೂತು, "ಎದೆ ಹೇಗಿದೆ?" ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿ, "ಏನೂ ಇಲ್ಲ" ಎಂದರು. ನನಗೂ ಹೇಳಲಿಲ್ಲ ನೋಡಿ.

ವಿಮೆ ಮಾಡಿಸಿ ವರ್ಷ ಕಳೆದು ಕೆಲವು ತಿಂಗಳಾಗಿತ್ತು. ಊಟಕ್ಕೆ ಕೂತವರ ಕೈಯಿಂದ ತುತ್ತು ಜಾರಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಏನೋ ಹೇಳಲು ಹೋದರು, ಮಾತು ಹೊರಡಲಿಲ್ಲ. ಅದೃಷ್ಟಕ್ಕೆ ಮಗ ಮನೆಯಲ್ಲೇ ಇದ್ದ, ಆಂಬುಲೆನ್ಸ್ ಕರೆದ. ಜೊತೆಗೆ ಒಬ್ಬರೇ ಬರಬಹುದೆಂದರು, ಅವನು ಹತ್ತಿದ. ನಾನು ಅವರ ಪಂಚೆ, ಟವೆಲ್ಲು, ಕನ್ನಡಕ ಚೀಲಕ್ಕೆ ಹಾಕಿಕೊಂಡೆ. ಸಂಜೆಯ ಮಾತ್ರೆ ತಪ್ಪಬಾರದೆಂದು ಅದನ್ನೂ ಹಾಕಿಕೊಂಡೆ. ಮಗಳು ಆಟೋದಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದಳು.

ಎಮರ್ಜೆನ್ಸಿಯ ಹೊರಗೆ ಮಗ ಗೆಲುವಾಗಿ ನಿಂತಿದ್ದ. "ಸರಿಯಾದ ಹೊತ್ತಿಗೆ ಕರ್ಕೊಂಡು ಬಂದಿದೀರಿ ಅಂದ್ರು ಡಾಕ್ಟ್ರು. ಮೆದುಳಲ್ಲಿ ರಕ್ತ ಗಡ್ಡೆ ಕಟ್ಟಿದೆಯಂತೆ, ಕರಗಿಸೋ ಇಂಜೆಕ್ಷನ್ ಕೊಡ್ತಿದ್ದಾರೆ. ವಿಮೆ ಕೌಂಟರಿನಲ್ಲೂ ಒಪ್ಪಿಕೊಂಡಿದ್ದಾರೆ, ನಾವು ಒಂದು ಪೈಸೆ ಕೊಡೋ ಹಾಗಿಲ್ಲ."

ನನಗೆ ಜೀವ ಬಂತು. ಅಷ್ಟರಲ್ಲಿ ನರ್ಸ್ ಬಂದು ಅವರ ಸಾಮಾನು ಕೇಳಿದಳು. ಚೀಲ ಕೊಟ್ಟು, "ಸಿಸ್ಟರ್, ಇದು ಅವರ ಸಂಜೆ ಮಾತ್ರೆ. ರಕ್ತ ತೆಳು ಮಾಡೋದು. ಬೆಳಗ್ಗೆದು ನಾನೇ ಕೊಟ್ಟಿದೀನಿ" ಎಂದೆ.

ಅವಳು ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹೆಸರು ಓದಿದಳು. ಆಮೇಲೆ ಓಡಿದಳು. ನರ್ಸುಗಳು ಓಡುವುದನ್ನು ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ.

ಮಗ ನನ್ನ ತೋಳು ಹಿಡಿದು ಗೋಡೆಯ ಕಡೆಗೆ ಎಳೆದ. "ಯಾಕಮ್ಮ ಬಾಯಿ ಬಿಟ್ಟೆ? ಆ ಮಾತ್ರೆ ನಿಂದು ಅಂತ ಹೇಳು. ಗಾಬರೀಲಿ ತಪ್ಪಾಗಿ ಹೇಳ್ದೆ ಅನ್ನು."

ಡಾಕ್ಟರ್ ಹೊರಗೆ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಕೈಯಲ್ಲಿ ಮಾತ್ರೆಯ ಸ್ಟ್ರಿಪ್ ಇತ್ತು. "ಇದು ಯಾರದು? ಮಗನನ್ನ ಎರಡೆರಡು ಸಲ ಕೇಳಿದೆ, ಹೃದಯದ ಕಾಯಿಲೆ ಇದೆಯಾ, ರಕ್ತ ತೆಳು ಮಾಡೋ ಮಾತ್ರೆ ತಗೋತಾರಾ ಅಂತ. ಇಲ್ಲ ಅಂದ್ರು. ಇದನ್ನ ತಗೊಂಡವರಿಗೆ ಆ ಇಂಜೆಕ್ಷನ್ ಕೊಟ್ರೆ ತಲೆಯೊಳಗೆ ರಕ್ತ ಸೋರುತ್ತೆ. ಬೇಗ ಹೇಳಿ ಅಮ್ಮ."

ಪಕ್ಕದಲ್ಲೇ ವಿಮೆ ಕೌಂಟರಿನ ಹುಡುಗಿ ಪೆನ್ನು ಹಿಡಿದು ನಿಂತಿದ್ದಳು. ಡಾಕ್ಟರ್ ಮಗನನ್ನು ಕೇಳಿದಾಗಲೂ ಅವಳು ಅಲ್ಲೇ ನಿಂತಿದ್ದಳಂತೆ. ಮಗನ ಬೆರಳು ನನ್ನ ತೋಳಿನಲ್ಲಿ ಹೂತುಹೋಗಿತ್ತು. ಮಗಳು ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು.

"ಅವರದು. ಎರಡು ವರ್ಷದಿಂದ ತಗೋತಿದ್ದಾರೆ" ಎಂದೆ.

ಡಾಕ್ಟರ್ ಒಳಗೆ ಓಡಿದರು. ಇಂಜೆಕ್ಷನ್ ನಿಲ್ಲಿಸಿದರು, ಅದರ ಶಕ್ತಿ ಮುರಿಯುವ ಔಷಧಿಗಳನ್ನು ಕೊಟ್ಟರು. ಅಷ್ಟರಲ್ಲಿ ತಲೆಯೊಳಗೆ ಸೋರಿಕೆ ಶುರುವಾಗಿತ್ತು. ಮರುದಿನ ಮಧ್ಯಾಹ್ನ ಅವರು ಹೋದರು. ನಡುವೆ ಒಮ್ಮೆಯೂ ಕಣ್ಣು ಬಿಡಲಿಲ್ಲ, ಮಾತಂತೂ ಇಲ್ಲವೇ ಇಲ್ಲ.

ಹೆಣ ಬಿಡಿಸಿಕೊಳ್ಳಲು ಕೌಂಟರಿನ ಮುಂದೆ ನಿಂತಾಗ ಅದೇ ಹುಡುಗಿ, ಕಾಯಿಲೆ ಮುಚ್ಚಿಟ್ಟಿದ್ದಕ್ಕೆ ಕಂಪನಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲವೆಂದು ಹೇಳಿದಳು. ಕಂಪ್ಯೂಟರ್ ನೋಡಿಕೊಂಡು, ಒಳ್ಳೆಯ ಮನಸ್ಸಿನಿಂದಲೇ ಇನ್ನೊಂದು ಮಾತು ಸೇರಿಸಿದಳು: "ಮೊದಲೇ ಹೇಳಿದ್ರೆ ಒಂದು ವರ್ಷದ ಕಾಯೋ ಅವಧಿ ಯಾವಾಗ್ಲೋ ಮುಗಿದಿತ್ತಲ್ಲ ಸರ್. ಪೂರ್ತಿ ಸಿಗ್ತಿತ್ತು." ಮಗ ಅವಳು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ. ಆಮೇಲೆ ನನ್ನ ಮುಂದೆಯೇ, ನನ್ನನ್ನು ನೋಡದೆ ಹಾದುಹೋದ.

ನಾನು ಬೆಂಚಿನ ಮೇಲೆ ಕೂತಿದ್ದೆ. ಮಗಳು ಬಂದು ಪಕ್ಕ ಕೂತಳು. ಅಳುತ್ತಿದ್ದಳು, ನನ್ನ ಕೈ ಹಿಡಿದುಕೊಂಡಿದ್ದಳು. ಮೆಲ್ಲಗೆ ಹೇಳಿದಳು.

"ಅಪ್ಪ ಹೇಗೂ ಉಳೀತಿರ್ಲಿಲ್ಲ ಅಮ್ಮ. ನೀನು ಆ ಒಂದು ಮಾತು ಆಡದೇ ಇರಬಹುದಿತ್ತು. ಆಸ್ಪತ್ರೆ ಬಿಲ್ಲಿಗೆ ಮಾಡೋ ಇಷ್ಟು ಸಾಲಾನ ಅಣ್ಣ ಹೇಗೆ ತೀರಿಸ್ತಾನೆ ಹೇಳು."

"ಉಳೀತಾರೆ ಅಂದ್ಕೊಂಡು ಹೇಳ್ದೆ ಕಣೇ" ಎಂದೆ.

ಅವಳು ನನ್ನ ಕೈ ಬಿಟ್ಟು, ಗಾಡಿ ಬಂತೇನೋ ನೋಡಿಕೊಂಡು ಬರುತ್ತೇನೆಂದು ಎದ್ದು ಹೋದಳು.