ಧೂಳಿನ ಸುಂಕ

ಇಳಕಲ್ಲಿನ ಪೇಟೆ ರಸ್ತೆಗೆ ಮುಖ ಮಾಡಿದ ಮನೆ ಸುಂದರವ್ವನದು. ಮುಂದಿನ ಕೋಣೆಯಲ್ಲಿ ಅವಳ ಕೈಮಗ್ಗ, ಅದರ ಪಕ್ಕಕ್ಕೆ ಗಂಡ ಹುಚ್ಚೇಶನ ಮಂಚ. ಹುಚ್ಚೇಶನೂ ಸೀರೆ ನೇಯ್ದೇ ಬಾಳಿದವನು. ದಮ್ಮು ಹತ್ತಿದ ಮೇಲೆ ಮಗ್ಗಕ್ಕೆ ಇಳಿಯುವುದನ್ನು ಬಿಟ್ಟು ಮಲಗಿದ್ದ.

ಕಲ್ಲಿನ ಗಣಿಗಳಿಂದ ಬಂಡೆ ಹೊತ್ತ ಲಾರಿಗಳೆಲ್ಲ ಆ ರಸ್ತೆಯಲ್ಲೇ ಹಾಯಬೇಕಿತ್ತು. ಸರ್ಕಲ್ಲಿನಲ್ಲಿ ದಾರಿ ಕಟ್ಟಿಕೊಂಡಿತೆಂದರೆ ಒಂದರ ಹಿಂದೊಂದು ನಿಂತು, ಎಂಜಿನ್ ಆರಿಸದೆ ಕಪ್ಪು ಹೊಗೆ ಕಾರುತ್ತಿದ್ದವು. ಬಾಗಿಲು ಹಾಕಿದರೂ ಹೊಗೆಯೂ ಬಂಡೆಯ ಧೂಳೂ ಸಂದಿಯಲ್ಲಿ ನುಸುಳಿ ಬರುತ್ತಿದ್ದವು. ಹುಚ್ಚೇಶ ಎದ್ದು ಕೂತು, ಎರಡೂ ಕೈ ಮಂಚಕ್ಕೆ ಊರಿ ಉಸಿರಿಗಾಗಿ ಬಾಯಿ ತೆರೆಯುತ್ತಿದ್ದ. ಸುಂದರವ್ವ ಲಾಳಿ ಬಿಟ್ಟು ಅವನ ಬೆನ್ನು ನೀವುತ್ತ ಕೂಡುತ್ತಿದ್ದಳು. ಅಷ್ಟು ಬಿಟ್ಟರೆ ಅವಳ ಕೈಯಲ್ಲಿ ಏನೂ ಇರಲಿಲ್ಲ.

ಎದುರಿನ ಕಿರಾಣಿ ಅಂಗಡಿಯ ನಿಂಗರಾಜ ಒಂದು ದಿನ, ದೊಡ್ಡ ಶಹರಗಳಲ್ಲಿ ಪೇಟೆಯೊಳಗೆ ನುಗ್ಗುವ ಗಾಡಿಗಳಿಗೆ ಸುಂಕ ಹಾಕುತ್ತಾರಂತೆ, ಗಾಡಿ ಕಡಿಮೆಯಾಗಿ ಗಾಳಿ ಶುದ್ಧ ಆಗುತ್ತದಂತೆ ಎಂದು ಹೇಳಿದ. ಆ ಮಾತು ಸುಂದರವ್ವನ ಮನಸ್ಸಿಗೆ ಹತ್ತಿತು. ಓಣಿಯ ಹೆಂಗಸರನ್ನು ಕರೆದುಕೊಂಡು ಅವಳು ರಸ್ತೆಗೆ ಅಡ್ಡ ಕೂತಳು. ಊರ ಹೊರಗಿನ ಬಯಲಿನಲ್ಲಿ ನೂಲಿಗೆ ಬಣ್ಣ ಹಾಕುವ ಅವಳ ಅಕ್ಕ ಶಾರವ್ವ ಕೂಡ ಭಟ್ಟಿ ಆರಿಸಿ ಬಂದು ತಂಗಿಯ ಬಗಲಿಗೆ ಕೂತಳು. ಅವಳ ಮನೆ ಮುಂದೆ ಆಗ ಒಂದು ಬಂಡಿದಾರಿ ಬಿಟ್ಟರೆ ಬೇರೆ ರಸ್ತೆ ಇರಲಿಲ್ಲ. ಆದರೂ ಸಂಜೆತನಕ ಬಿಸಿಲಲ್ಲಿ ಕದಲದೆ ಕೂತಳು.

ಹಲವು ಸಲ ಹೀಗೆ ಕೂತ ಮೇಲೆ ನಗರಸಭೆ ಸುಂಕ ಜಾರಿಗೆ ತಂತು. ಹಗಲು ಹೊತ್ತಿನಲ್ಲಿ ಪೇಟೆಯೊಳಗೆ ಹಾಯುವ ಪ್ರತಿ ಲಾರಿಯೂ ಕಟ್ಟಬೇಕು. ಊರವರು ಅದಕ್ಕೆ ಧೂಳಿನ ಸುಂಕ ಎಂದು ಹೆಸರಿಟ್ಟರು.

ಒಂದು ವಾರದಲ್ಲೇ ರಸ್ತೆಯ ರೂಪವೇ ಬೇರೆಯಾಯಿತು. ಅಂಗಡಿಯವರು ಸಾಮಾನಿನ ಮೇಲೆ ಮುಚ್ಚಿದ್ದ ಪ್ಲಾಸ್ಟಿಕ್ ತೆಗೆದರು. ಗಾಳಿಯ ಮಟ್ಟ ತೋರಿಸುವ ಒಂದು ಫಲಕ ಸರ್ಕಲ್ಲಿನಲ್ಲಿ ಬಂತು, ಅದರಲ್ಲಿ ಹಸಿರು ದೀಪ ಉರಿಯತೊಡಗಿತು. ಹುಚ್ಚೇಶ ಗೋಡೆ ಹಿಡಿದುಕೊಂಡು ಕಟ್ಟೆಯ ತನಕ ಬಂದು ಕೂತ. ಎದುರಿನವರ ಜೊತೆ ನಕ್ಕು ಮಾತಾಡಿದ. ಅದನ್ನು ನೋಡಿ ಸುಂದರವ್ವ ಒಳಗೆ ಹೋಗಿ, ಒಬ್ಬಳೇ ನಿಂತು ಅತ್ತಳು.

ಲಾರಿಗಳು ಎಲ್ಲಿ ಹೋದವು ಎಂದು ಆಗ ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅವು ಶಾರವ್ವನ ಮನೆ ಮುಂದಿನ ಬಂಡಿದಾರಿ ಹಿಡಿದಿದ್ದವು.

ದಸರೆಯ ಹೊತ್ತಿಗೆ ಅಕ್ಕನ ಮನೆಗೆ ಹೋದಾಗ ಸುಂದರವ್ವನಿಗೆ ಗುರುತೇ ಹತ್ತಲಿಲ್ಲ. ಬಂಡಿದಾರಿ ಗಾಲಿಗಳಡಿ ಪುಡಿಯಾಗಿ ಮೊಣಕಾಲುದ್ದ ಧೂಳಾಗಿತ್ತು. ಬೇವಿನ ಗಿಡ ಬೂದಿ ಬಳಿದ ಹಾಗೆ ನಿಂತಿತ್ತು. ಬಯಲಿನಲ್ಲಿ ಒಣಹಾಕಿದ ಹಸಿ ನೂಲಿಗೆಲ್ಲ ಮಣ್ಣು ಅಂಟಿ, ಕೆಂಪೋ ಕಂದೋ ತಿಳಿಯದಂತಾಗಿತ್ತು. ನೇಕಾರರು ಆ ನೂಲು ಬೇಡವೆಂದು ವಾಪಸ್ ಕಳಿಸಿದ್ದರು. ಶಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ಆ ಕೆಮ್ಮು ಸುಂದರವ್ವನಿಗೆ ಚೆನ್ನಾಗಿ ಗೊತ್ತಿತ್ತು. ಮೂರು ವರ್ಷ ತನ್ನ ಮನೆಯಲ್ಲೇ ಕೇಳಿದ್ದಳು.

"ಅಕ್ಕಾ, ನನಗ ಯಾಕ ಹೇಳಿ ಕಳಸಲಿಲ್ಲ?" ಎಂದಳು.

"ಹೇಳಿದ್ರ ನೀ ಏನ್ ಮಾಡ್ತಿದ್ದಿ? ನಿನ್ನ ಗಂಡ ಹೊರಗ ಬಂದು ಕೂಡಾಕತ್ತಾನಂತ, ಕೇಳೀನಿ. ಅದು ಛಲೋ ಆತು," ಎಂದಳು ಶಾರವ್ವ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಸುಂದರವ್ವನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

ನಮ್ಮ ಮನೆಗೆ ಬಂದುಬಿಡು ಎಂದು ತಂಗಿ ಎಷ್ಟು ಕರೆದರೂ ಅವಳು ಒಪ್ಪಲಿಲ್ಲ. ಭಟ್ಟಿ, ನೀರಿನ ತೊಟ್ಟಿ, ನೂಲು ಒಣಗಿಸುವ ಬಯಲು ಇವನ್ನೆಲ್ಲ ಪೇಟೆ ಓಣಿಗೆ ಹೊತ್ತು ತರಲು ಆಗುತ್ತದೆಯೇ? ಗಂಡ ಸತ್ತ ಮೇಲೆ ಅವಳನ್ನು ಯಾರ ಮುಂದೂ ಕೈಚಾಚದಂತೆ ಉಳಿಸಿದ್ದು ಆ ಬಯಲೇ.

ಸುಂದರವ್ವ ಹಿಂದಿರುಗಿ ಬಂದವಳೇ ನಿಂಗರಾಜನ ಅಂಗಡಿಗೆ ಹೋದಳು. ಅಕ್ಕನ ಮನೆ ಮುಂದಿನ ದಾರಿಗೂ ಸುಂಕ ಹಾಕಿಸೋಣ, ಇಲ್ಲವೆ ಅದನ್ನು ಬಂದ್ ಮಾಡಿಸೋಣ, ಎಲ್ಲರೂ ಮತ್ತೆ ಕೂಡೋಣ ಎಂದಳು. ಅವನು ತಕ್ಕಡಿಯ ಕಡೆ ನೋಡುತ್ತ, ಊರ ಹೊರಗೆ ಮನೆಗಳು ಕಡಿಮೆ, ಹೇಗೋ ನಡೆಯುತ್ತದೆ ಎಂದ. ಅಂದು ಬಗಲಿಗೆ ಕೂತ ಹೆಂಗಸರನ್ನೂ ಕೇಳಿದಳು. ಒಬ್ಬಳಿಗೆ ಮನೆಯಲ್ಲಿ ಮದುವೆ, ಇನ್ನೊಬ್ಬಳಿಗೆ ಮೊಣಕಾಲು ನೋವು. ನೆರೆಮನೆಯ ರಂಜಾನಬಿ ಒಬ್ಬಳೇ ಬರುತ್ತೇನೆ ಎಂದಳು. ಇಬ್ಬರು ಹೆಂಗಸರು ಹೋಗಿ ಆ ದಾರಿಯಲ್ಲಿ ಕೂತರೆ, ಲಾರಿಯವರು ಪಕ್ಕದ ಹೊಲಕ್ಕೆ ಗಾಲಿ ಇಳಿಸಿ ದಾಟಿ ಹೋದರು.

ಆ ಸಂಜೆ ಹುಚ್ಚೇಶ ಅವಳ ಕೈ ಹಿಡಿದು ಹತ್ತಿರ ಕೂರಿಸಿಕೊಂಡ.

"ಅಲ್ಲಿ ಬಂದ್ ಮಾಡಿದ್ರ ಮತ್ತ ಇಲ್ಲೇ ಬರ್ತಾವ," ಎಂದ. "ನಾ ಹಿಂಗ ಹೇಳಬಾರದು, ಗೊತ್ತೈತಿ. ಆದ್ರ ನನಗ ಮತ್ತ ಆ ಮಂಚ ಹಿಡ್ಯಾಕ ಆಗೂದಿಲ್ಲ."

ಸುಂದರವ್ವ ಅವನ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಮರುದಿನ ಎಲ್ಲಿಗೂ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಅಕ್ಕನಿಗೆ ಔಷಧ, ರೊಟ್ಟಿ, ಮೂಗಿಗೆ ಕಟ್ಟಿಕೊಳ್ಳಲು ಮೆತ್ತನೆಯ ಬಟ್ಟೆ ಇಷ್ಟನ್ನು ಮುಟ್ಟಿಸಿ ಬರುತ್ತಿದ್ದಳು.

ಚಳಿಗಾಲದಲ್ಲಿ ಶಾರವ್ವನಿಗೆ ಜ್ವರ ಎದೆಗೆ ಇಳಿಯಿತು. ಹುನಗುಂದದಲ್ಲಿ ತೋರಿಸಿದರು. ಅಲ್ಲಿಂದ ಬಾಗಲಕೋಟೆಯ ದವಾಖಾನೆಗೆ ಒಯ್ದರು. ಪುಪ್ಪುಸದಲ್ಲಿ ಏನೂ ಉಳಿದಿಲ್ಲ, ತಡವಾಗಿದೆ ಎಂದು ಡಾಕ್ಟರು ಹೇಳಿದರು. ಕೊನೆಯ ದಿನ ಶಾರವ್ವ ದವಾಖಾನೆಯಿದ್ದ ನವನಗರದ ಅಗಲ ರಸ್ತೆಗಳನ್ನು ಕಿಟಕಿಯಿಂದ ನೋಡುತ್ತ, ಇಲ್ಲಿ ನೂಲು ಒಣಹಾಕಲು ಜಾಗ ಬೇಕಾದಷ್ಟಿದೆ ಎಂದಳಂತೆ. ಸುಂದರವ್ವ ಆಗ ನೀರು ತರಲು ಹೋಗಿದ್ದಳು. ಅಕ್ಕ ತೀರಿಕೊಂಡ ಮೇಲೆ ಪಕ್ಕದ ಹಾಸಿಗೆಯವರು ಹೇಳಿದಾಗ ತಿಳಿಯಿತು.

ಮುಂದಿನ ಮಳೆಗಾಲಕ್ಕೆ ಆ ಬಂಡಿದಾರಿಯ ಸಣ್ಣ ಸೇತುವೆ ಲಾರಿಗಳ ಭಾರಕ್ಕೆ ಕುಸಿಯಿತು. ಲಾರಿಗಳು ಪೇಟೆ ರಸ್ತೆಗೇ ಮರಳಿದವು. ಈಗ ಲಾರಿಯವರಿಗೆ ಸುಂಕ ಕಟ್ಟುವುದು ರೂಢಿಯಾಗಿತ್ತು. ಕಟ್ಟಿ, ಅದನ್ನು ಕಲ್ಲಿನ ದರಕ್ಕೆ ಸೇರಿಸಿ, ಮೊದಲಿಗಿಂತ ಉದ್ದ ಸಾಲಾಗಿ ಬರತೊಡಗಿದರು. ಹುಚ್ಚೇಶ ಕಟ್ಟೆ ಬಿಟ್ಟು ಒಳಗೆ ಹೋದ.

ಆಗ ನಿಂಗರಾಜ ಬಂದ. ಸುಂಕ ಇನ್ನೂ ಹೆಚ್ಚು ಮಾಡಿಸೋಣ, ಹೆಂಗಸರನ್ನು ಕೂಡಿಸಿರಿ, ನಿಮ್ಮ ಮಾತು ಅವರು ಕೇಳುತ್ತಾರೆ ಎಂದ.

ಸುಂದರವ್ವ ಮಗ್ಗದಿಂದ ತಲೆ ಎತ್ತಿದಳು. "ಈ ಸಲ ಯಾರ ಮನಿ ಮುಂದ ಕಳಸೂದು?" ಎಂದಳು.

ನಿಂಗರಾಜ ಚಪ್ಪಲಿ ಮೆಟ್ಟಿಕೊಂಡು ಹೋದ. ಸುಂದರವ್ವ ಬಾಗಿಲು ಹಾಕಿದಳು. ಹೊರಗೆ ಲಾರಿಗಳು ನಿಂತಲ್ಲೇ ಗುರುಗುಡುತ್ತಿದ್ದವು. ಗಂಡನ ಮಂಚವನ್ನು ಒಬ್ಬಳೇ ಎಳೆದು, ಕಿಟಕಿಯಿಲ್ಲದ ಅಡುಗೆಮನೆಗೆ ಸಾಗಿಸತೊಡಗಿದಳು.