ಇ ಡ್ರೈವ್ ಕಾಣೆಯಾದ ಶುಕ್ರವಾರ

ಪೀಣ್ಯ ಎರಡನೇ ಹಂತದ ಶ್ರೀ ಭೈರವೇಶ್ವರ ಪ್ರೆಸ್ ಟೂಲ್ಸ್‌ಗೆ ಸುಮಂಗಲಾ ಸೇರಿದ್ದು ತಗಡನ್ನು ಒತ್ತಿ ಆಕಾರ ಕೊಡುವ ಉಕ್ಕಿನ ಅಚ್ಚುಗಳ, ಅಂದರೆ ಡೈಗಳ, ಡ್ರಾಯಿಂಗ್ ಬಿಡಿಸುವ ಕೆಲಸಕ್ಕೆ. ಪ್ರಿಂಟರ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದ ಕಾಗದವನ್ನು ಒಂದು ದಿನ ಹರಿಯದೆ ಎಳೆದು ತೆಗೆದಳು ನೋಡಿ, ಅಂದಿನಿಂದ ಮಾಲೀಕ ದೇವರಾಜ್ ಅವಳನ್ನು ಬಂದವರಿಗೆಲ್ಲ ‘ನಮ್ಮ ಐಟಿ ಡಿಪಾರ್ಟ್‌ಮೆಂಟು’ ಎಂದು ಪರಿಚಯಿಸತೊಡಗಿದರು. ಬಾಗಲಕೋಟೆ ಕಡೆಯಿಂದ ಬಂದು, ಹಗಲೆಲ್ಲ ದುಡಿದು, ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿದವಳಿಗೆ ಇದು ಹೊಗಳಿಕೆಯೋ ಹೊರೆಯೋ ಇನ್ನೂ ತಿಳಿದಿರಲಿಲ್ಲ. ರೂಮಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿ ತುದಿಯವರೆಗೆ ಹೋಗಿ, ಮತ್ತೆ ವಾಪಸು ಬಂದು ಎಳೆದು ನೋಡುವ ಜೀವ ಅದು.

ಅಂಥವಳ ಕೈಲಿ ಕಂಪ್ಯೂಟರ್ ಅಪ್‌ಗ್ರೇಡ್ ಆಗಬೇಕಾಗಿ ಬಂತು. ಹೊಸ ಆವೃತ್ತಿಗೆ ಬನ್ನಿ, ಬನ್ನಿ ಎಂದು ಅದು ತಿಂಗಳುಗಟ್ಟಲೆ ಕರೆಯುತ್ತಲೇ ಇತ್ತು. ದೇವರಾಜ್ ಒಳ್ಳೆಯ ದಿನಕ್ಕೆ ಕಾಯುತ್ತಿದ್ದರು. ಪಕ್ಕದ ಶೆಡ್ಡಿನವರು ಅಪ್‌ಗ್ರೇಡ್ ಮಾಡಿಕೊಂಡರೆಂಬ ಸುದ್ದಿ ಬಂದ ಕೂಡಲೇ ಒಳ್ಳೆಯ ದಿನ ತಾನಾಗಿಯೇ ಕೂಡಿಬಂತು. ಗುರುವಾರ ಸಂಜೆ ಸುಮಂಗಲಾ ಬಟನ್ ಒತ್ತಿ ಹೋದಳು. ಶುಕ್ರವಾರ ಬೆಳಿಗ್ಗೆ ಹೊಸ ರೂಪದಲ್ಲಿ ಎದ್ದಿದ್ದ ಕಂಪ್ಯೂಟರನ್ನು, ಅವಳು ಕಣ್ಣು ಹಾಯಿಸುವ ಮೊದಲೇ, ದೇವರಾಜ್ ಆರಿಸಿಬಿಟ್ಟರು. ಪೂಜೆ ಆಗದೆ ಯಾರೂ ಮುಟ್ಟುವಂತಿರಲಿಲ್ಲ.

ಶುಕ್ರವಾರದ ಪೂಜೆಯ ಉಸ್ತುವಾರಿ ಸ್ಟೋರ್ಸ್ ನೋಡಿಕೊಳ್ಳುವ ನರಸಪ್ಪನವರದು. ಪೀಣ್ಯ ಇನ್ನೂ ಹೊಲವಾಗಿದ್ದಾಗಲೇ ಅವರ ಮನೆತನ ಅಲ್ಲಿತ್ತು. ಹಾಗಾಗಿ ದಿಕ್ಕುಗಳ ವಿಷಯದಲ್ಲಿ ಅವರದೇ ಕೊನೆಯ ಮಾತು. ಆರತಿ ತಟ್ಟೆ ಹಿಡಿದವರು ಗಕ್ಕನೆ ನಿಂತರು.

“ಇದ್ಯಾಕೆ ಸಾಮಿ ಪಶ್ಚಿಮುಕ್ಕೆ ಮಕ ಮಾಡ್ಕೊಂಡು ಕುಂತೈತೆ? ಪೂರ್ವುಕ್ಕೆ ತಿರುಗ್ಸಿ.”

“ಸಿಪಿಯುಗೆ ಮುಖ ಯಾವುದು ನರಸಪ್ಪ?” ದೇವರಾಜ್ ಕೇಳಿದರು. ಇದು ಅಲ್ಲಿಯವರೆಗೆ ಯಾರಿಗೂ ಹೊಳೆಯದಿದ್ದ ಪ್ರಶ್ನೆ. ಬಟನ್ ಇರುವ ಕಡೆ ಎಂದು ಕೆಲವರು, ಗಾಳಿ ಬಿಡುವ ಕಡೆ ಎಂದು ಕೆಲವರು. ಕೊನೆಗೆ ದೀಪ ಉರಿಯುವುದು ಬಟನ್ ಹತ್ತಿರವಾದ್ದರಿಂದ ಅದೇ ಮುಖ ಎಂದು ತೀರ್ಮಾನವಾಯಿತು. ಪ್ರೆಸ್ ಯಂತ್ರದ ಕೆಲಸದಲ್ಲಿದ್ದ ಇಬ್ಬರು ಆಳುಗಳು ಬಂದು, ಡೈ ಎತ್ತುವ ಹಾಗೆಯೇ ಅದನ್ನು ಎತ್ತಿದರು. ಡೈ ಇಡುವ ಹಾಗೆಯೇ ಧಡ್ಡನೆ ಇಟ್ಟರು. “ಮೆಲ್ಲಕ್ರೀ…” ಎಂದ ಸುಮಂಗಲಾಳ ದನಿ ಗಂಟೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಮಂಗಳಾರತಿ ಮುಗಿದು, ಕುಂಕುಮ ಹಚ್ಚಿಸಿಕೊಂಡ ಕಂಪ್ಯೂಟರ್ ಆನ್ ಆಯಿತು. ಹೊಸ ಚಿತ್ರ, ಹೊಸ ಬಣ್ಣ. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಮಂಗಲಾ ಒಳಗೆ ತೆರೆದು ನೋಡಿದರೆ ಸಿ ಡ್ರೈವ್ ಇತ್ತು, ಇ ಡ್ರೈವ್ ಇರಲಿಲ್ಲ.

ಇ ಡ್ರೈವ್ ಎಂದರೆ ಆ ಪೆಟ್ಟಿಗೆಯೊಳಗೇ ಇದ್ದ ಇನ್ನೊಂದು ಹಾರ್ಡ್ ಡಿಸ್ಕು. ಕಂಪನಿ ಶುರುವಾದಾಗಿನಿಂದ ಮಾಡಿದ ಪ್ರತಿ ಡೈಯ ಡ್ರಾಯಿಂಗೂ ಅದರಲ್ಲೇ. ಅರ್ಧಕ್ಕರ್ಧ ಅವಳ ಕೈಯಿಂದಲೇ ಬಿಡಿಸಿದ್ದು. ಅವು ಹೋದರೆ ಯಾವ ಹಳೆಯ ಡೈಯನ್ನೂ ರಿಪೇರಿ ಮಾಡುವಂತಿಲ್ಲ. ಊಟದ ಹೊತ್ತಿಗೆ ಗಿರಾಕಿ ಕಂಪನಿಯ ಇಂಜಿನಿಯರ್ ಬೇರೆ ಬರುವವರಿದ್ದರು.

“ಬ್ಯಾಕಪ್ ಇದೆಯಲ್ಲಮ್ಮ, ಆಡಿಟ್ಟಿಗೆ ತೋರಿಸಿದ್ವಲ್ಲ?” ದೇವರಾಜ್ ಕೇಳಿದರು.

“ಐತ್ರೀ ಸಾರ್. ಬ್ಯಾಕಪ್ ಅಂತ ಫೋಲ್ಡರ್ ಐತಿ. ಇ ಡ್ರೈವ್‌ನ್ಯಾಗ ಐತಿ.”

ಆಡಿಟರ್ ಆ ಫೋಲ್ಡರಿನ ಹೆಸರನ್ನು ನೋಡಿ ಟಿಕ್ ಹಾಕಿ, ಬಾದಾಮಿ ಹಾಲು ಕುಡಿದು ಹೋಗಿದ್ದರು. ಬೇರೆ ಡಿಸ್ಕು ಬೇಕು ಎಂದು ಸುಮಂಗಲಾ ಕೇಳಿದಾಗಲೆಲ್ಲ “ಇದರಲ್ಲೇ ಇನ್ನೂ ಜಾಗ ಇದೆಯಲ್ಲ” ಎಂದು ದೇವರಾಜ್ ಹೇಳುತ್ತಿದ್ದರು. ಈಗ ಅದನ್ನು ಅವರೂ ನೆನಪಿಸಿಕೊಳ್ಳಲಿಲ್ಲ, ಅವಳೂ ನೆನಪಿಸಲಿಲ್ಲ. ಬಟನ್ ಒತ್ತಿದ್ದು ತಾನೇ ಅಲ್ಲವೇ ಎಂಬುದೊಂದೇ ಅವಳ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು.

ಫೋನ್ ಹೋದ ಮೇಲೆ ಕಂಪ್ಯೂಟರ್ ಸರ್ವಿಸ್ ಅಂಗಡಿಯ ಪ್ರಸನ್ನ ಬೆನ್ನಿಗೆ ಬ್ಯಾಗು ನೇತುಹಾಕಿಕೊಂಡು ಬಂದ. ಪರದೆಯನ್ನು ನೋಡುವ ಮೊದಲೇ ಅವನಿಗೆ ಕಾಯಿಲೆ ಗೊತ್ತಾಗಿತ್ತು.

“ಅಪ್‌ಗ್ರೇಡ್ ಆದ್ಮೇಲೆ ಇದೆಲ್ಲಾ ಕಾಮನ್ನು ಸಾರ್. ಫಾರ್ಮ್ಯಾಟ್ ಹೊಡೆದ್ರೆ ಸರಿಹೋಗುತ್ತೆ.”

ಅವನು ಅಲ್ಲಿ ಇಲ್ಲಿ ಒತ್ತಿ ಡಿಸ್ಕುಗಳ ಪಟ್ಟಿ ತೆರೆದ. ಒಂದು ಪುಟ್ಟ ಕಿಟಕಿ ಮೂಡಿತು. ಈ ಡಿಸ್ಕು ಯಾವುದೋ ಗೊತ್ತಿಲ್ಲ, ಬಳಸಬೇಕಾದರೆ ಮೊದಲಿನಿಂದ ಸಿದ್ಧಪಡಿಸಬೇಕು, ಓಕೆಯೋ ಕ್ಯಾನ್ಸಲ್ಲೋ ಎಂದು ಕೇಳಿತು.

“ಓಕೆ ಕೊಟ್ಟು, ಫಾರ್ಮ್ಯಾಟ್ ಮಾಡಿ. ಡ್ರೈವ್ ಬಂದ್ಬಿಡುತ್ತೆ ಮೇಡಂ.”

“ಡ್ರೈವ್ ಬರ್ತದ್ರೀ. ಅಳಿಸಿಹೋದ ಡ್ರಾಯಿಂಗ್ ಬರ್ತಾವೇನ್ರೀ?”

“ಅದು ಬೇರೆ ಸಬ್ಜೆಕ್ಟು.”

ದೇವರಾಜ್‌ಗೆ ಬೇರೆ ಸಬ್ಜೆಕ್ಟುಗಳಿಗೆ ಪುರುಸೊತ್ತಿರಲಿಲ್ಲ. ಆ ಆಫೀಸಿನಲ್ಲಿ ಏನೇ ಕಿಟಕಿ ಮೂಡಿದರೂ ಓದದೆ ಓಕೆ ಒತ್ತುವುದು ರೂಢಿ. ಓದುತ್ತ ಕೂತರೆ ಕೆಲಸಗಳ್ಳರೆಂದು ಅರ್ಥ.

“ಓಕೆ ಕೊಡಮ್ಮ. ಇಲ್ಲಿವರ್ಗೂ ಓಕೆ ಕೊಟ್ಟು ಯಾರಿಗೇನಾಗಿದೆ? ಆ ಇಂಜಿನಿಯರ್ ಗೊರಗುಂಟೆಪಾಳ್ಯ ದಾಟಿದಾರಂತೆ.”

ಸುಮಂಗಲಾ ಮೌಸಿಗೆ ಕೈ ಹಾಕಿದಳು. ಮಾಲೀಕರಿಗೆ ತಿಳಿದಿರುತ್ತದೆ. ಪ್ರಸನ್ನ ದಿನಾ ಇದನ್ನೇ ಮಾಡುವವನು. ನನಗೇನು ಗೊತ್ತು, ಪಾಠದಲ್ಲಿ ಈ ಅಧ್ಯಾಯ ಬಂದ ದಿನ ಓವರ್‌ಟೈಮ್ ಇತ್ತು. ಹೀಗೆಲ್ಲ ಅಂದುಕೊಳ್ಳುತ್ತಲೇ ಬಾಣದ ಗುರುತನ್ನು ಓಕೆಯ ಹತ್ತಿರ ತಂದಳು. ಆಮೇಲೆ ಕ್ಯಾನ್ಸಲ್ ಒತ್ತಿದಳು.

“ಏನಮ್ಮ ಮಾಡ್ದೆ?”

“ಬ್ಯಾಡ್ರೀ ಸಾರ್.” ತನ್ನ ದನಿ ತನಗೇ ಯಾರದ್ದೋ ಎಂಬಂತೆ ಕೇಳಿಸಿತು. “ನನಗ ಸರಿ ಮಾಡಾಕ ಬರೂದಿಲ್ರೀ. ಆದ್ರ ಇದನ್ನ ಕೆಡಸಾಕ ನಾ ಬಿಡೂದಿಲ್ಲ.”

“ಸಕ್ಕತ್ ಡೈಲಾಗ್ ಮೇಡಂ,” ಎಂದು ಪ್ರಸನ್ನ ನಕ್ಕ.

ಅವನು ಇನ್ನೊಮ್ಮೆ ಮೌಸ್ ಮುಟ್ಟುವ ಮೊದಲೇ ಅವಳು ಕಂಪ್ಯೂಟರ್ ಆರಿಸಿ ವೈರು ಕಿತ್ತಳು. ಡಿಸ್ಕನ್ನೇ ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಡೋಣ, ಬೈದರೆ ಬೈಯಲಿ ಎನ್ನುವುದಷ್ಟೇ ಅವಳ ಯೋಚನೆ. ಪಕ್ಕದ ಮುಚ್ಚಳ ಬಿಚ್ಚಿ, ಡಿಸ್ಕಿನ ಕೇಬಲ್ಲಿಗೆ ಕೈ ಹಾಕಿದಳು. ಎಳೆಯುವ ಮೊದಲೇ ಅದು ಕೈಗೆ ಬಂತು. ತೂಕಡಿಸುವವನ ತಲೆಯ ಹಾಗೆ ಒಂದು ಕಡೆಗೆ ವಾಲಿಕೊಂಡು ನಿಂತಿತ್ತು, ಅಷ್ಟೆ.

ಅವಳು ಕೇಬಲ್ಲನ್ನು ಟಕ್ಕೆನ್ನುವಂತೆ ಒತ್ತಿ ಕೂರಿಸಿದಳು. ಆನ್ ಮಾಡಿದಳು. ಇ ಡ್ರೈವ್ ಬಂತು. ಅವಳಿಗೆ ನಂಬಿಕೆ ಬರಲಿಲ್ಲ. ಹಳೆಯ ಡೈಯಿಂದ ಹಿಡಿದು ಮೊನ್ನೆಯ ಬ್ರಾಕೆಟ್ಟಿನವರೆಗೆ ಅಲ್ಲೊಂದು ಇಲ್ಲೊಂದು ಡ್ರಾಯಿಂಗ್ ತೆರೆದು ನೋಡಿದಳು.

“ನೋಡಿದ್ರಾ, ಪೂಜೆಯ ಫಲ!” ದೇವರಾಜ್ ಕೈ ಮುಗಿದರು. “ಇಲ್ದಿದ್ರೆ ಏನ್ ಗತಿಯಾಗ್ತಿತ್ತು?”

ಸುಮಂಗಲಾ ಸುಮ್ಮನಿದ್ದರೆ ಒಳ್ಳೆಯದಿತ್ತು. ಸುಳ್ಳಿನ ಮೇಲೆ ಊಟ ಇಳಿಯದ ಜೀವ, ಹೇಳಿಯೇ ಬಿಟ್ಟಿತು. “ಪೂಜೆಗೆ ತಿರುಗಿಸಿ ಇಟ್ಟಾಗ ಕೇಬಲ್ ಸಡ್ಲ ಆಗಿತ್ರೀ ಸಾರ್. ಅಪ್‌ಗ್ರೇಡ್ ತಪ್ಪಲ್ರೀ.”

ಎಲ್ಲರೂ ನರಸಪ್ಪನವರನ್ನು ನೋಡಿದರು. ಅವರು ಪೆಟ್ಟಿಗೆಯನ್ನು ನೋಡಿದರು, ಕಿಟಕಿಯ ಬಿಸಿಲನ್ನು ನೋಡಿದರು.

“ಅದ್ಕೇ ಇಂಗಾಗಿರೋದು. ವಸಿ ಆಗ್ನೇಯಕ್ಕೆ ವಾಲೈತೆ. ಸರ್ಯಾಗಿ ತಿರುಗ್ಸಿದ್ರೆ ಯಾಕೆ ಇಂಗಾಗ್ತಿತ್ತು?”

ದೇವರಾಜ್ ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ಸಿಪಿಯು ಮೇಲಿಟ್ಟರು. “ಹೌದಲ್ಲ ಕಣಯ್ಯಾ!” ಎಂದವರೇ ಪ್ರೆಸ್ಸಿನ ಆಳುಗಳಿಗೆ ಕೂಗು ಹಾಕಿದರು.

ಸುಮಂಗಲಾ ಸಿಪಿಯುವನ್ನು ಎರಡೂ ಕೈಯಿಂದ ತಬ್ಬಿಕೊಂಡಳು. “ಇದರಾಗಿಂದೆಲ್ಲಾ ಬ್ಯಾರೆ ಡಿಸ್ಕಿಗೆ ಕಾಪಿ ಆಗೂತನಕ ಯಾರೂ ಮುಟ್ಟಬ್ಯಾಡ್ರೀ. ಆಮ್ಯಾಲ ನಿಮಗ ಬೇಕಾದ ಕಡೆ ತಿರುಗಸ್ರಿ.”

ಆ ದಿನ ಎರಡನೇ ಸಲ ಅವಳು ಬೇಡ ಎಂದಿದ್ದಳು. ದೇವರಾಜ್ ಬೈಯಲು ಬಾಯಿ ತೆರೆದು, ಗೇಟಿನಲ್ಲಿ ಗಿರಾಕಿಯ ಕಾರು ಕಂಡು ಮುಚ್ಚಿಕೊಂಡರು. ಪ್ರಸನ್ನ ತಡಮಾಡದೆ ಬ್ಯಾಗಿನಿಂದ ಹೊಚ್ಚ ಹೊಸ ಪೋರ್ಟಬಲ್ ಡಿಸ್ಕು ತೆಗೆದ.

“ನಾನ್ ಮೊದ್ಲೇ ಅಂದೆ, ಬ್ಯಾಕಪ್ ಮುಖ್ಯ ಅಂತ.”

ಕಾಪಿ ಶುರುವಾಯಿತು. ಪರದೆಯ ಹಸಿರು ಪಟ್ಟಿ ಎಳೆದೆಳೆದು ಸಾಗಿತು. ಯಾರೂ ಮುಟ್ಟಬಾರದೆಂಬುದನ್ನೇ ನರಸಪ್ಪನವರು ಹೊಸ ಕಟ್ಟಳೆಯೆಂದು ತಿಳಿದು, ಬಾಗಿಲಲ್ಲಿ ನಿಂತು ಒಳಬರುವವರನ್ನು ತಡೆಯತೊಡಗಿದರು. “ಚಪ್ಲಿ ಬುಟ್ಟು ಬರ್ರಿ, ಒಳಗೆ ನಡೀತೈತೆ.” ಗಿರಾಕಿಯ ಇಂಜಿನಿಯರ್ ಏನು ನಡೆಯುತ್ತಿದೆಯೆಂದು ಕೇಳದೆ ಬೂಟು ಕಳಚಿ, ಪರದೆಗೆ ಕೈ ಮುಗಿದರು.

ಸುಮಂಗಲಾ ಒಂದು ಕೈಯನ್ನು ಸಿಪಿಯು ಮೇಲೇ ಇಟ್ಟುಕೊಂಡು, ಇನ್ನೊಂದರಿಂದ ಬುತ್ತಿ ಬಿಚ್ಚಿ ರೊಟ್ಟಿ ಮುರಿದಳು.